ಕೆಂಗಲ್ಲುದುರ್ಗದ ಅಟ್ಟದಲ್ಲಿ ಏಳುಕೆರೆಯ ಕಾಯಿ

ಕಾಯಿ ಒಡೆಯಿತು. ನೀರು ಮಾತ್ರ ಬರಲಿಲ್ಲ!

ದಂಡಿನಶಿವರದ ಆ ಹೆಂಚಿನ ಮನೆಯ ನಡುಮನೆಯಲ್ಲಿ ಎಲ್ಲರೂ ಮುಂದೆ ಬಾಗಿ ನೋಡಿದರು. ಹಾಲಮ್ಮ ಎಡಗೈಯಲ್ಲಿ ಹಿಡಿದಿದ್ದ ಹಿತ್ತಾಳೆ ಬಟ್ಟಲಿಗೆ ಒಂದು ತೊಟ್ಟೂ ಬೀಳಲಿಲ್ಲ. ಎರಡು ಹೋಳಾದ ಕಾಯಿಯೊಳಗೆ ತಿರುಳು ಕರಟಕ್ಕೆ ಅಂಟಿಕೊಂಡು, ಹಳದಿಗಟ್ಟಿ, ಮುದುಕಿಯ ಅಂಗೈಯಂತೆ ಸುಕ್ಕಾಗಿತ್ತು. ಅದು ಅಂಗಡಿಯಿಂದ ತಂದ ಕಾಯಲ್ಲ. ಹಿಂದಿನ ದಿನವಷ್ಟೇ ನೊಣವಿನಕೆರೆಯ ತವರುಮನೆಯಲ್ಲಿ, ತನ್ನ ಮಗ ಚಿರಂಜೀವಿಗೂ ಅಣ್ಣನ ಮಗಳು ವನಜಾಕ್ಷಿಗೂ ಮದುವೆಯ ಮಾತು ಮುಗಿಸಿ ಅವಳು ಹೊರಟಾಗ, ಅಕ್ಕಿ ಬೆಲ್ಲ ಎಲೆ ಅಡಿಕೆಯ ಜೊತೆ ಅವಳ ಮಡಿಲಿಗೆ ತುಂಬಿದ ಕಾಯಿ! ತವರಿನ ಮಡಿಲುಗಾಯನ್ನು ಗಂಡನ ಮನೆಯ ದೇವರ ಮುಂದೆ ಒಡೆದು, ಆ ನೀರನ್ನು ಮನೆಮಂದಿಗೆಲ್ಲ ಒಂದೊಂದು ಗುಟುಕು ಹಂಚುವುದು ಈ ಎರಡು ಮನೆಗಳ ನಡುವೆ ಮೊದಲಿನಿಂದ ನಡೆದು ಬಂದದ್ದು. ಕಾಯಿ ತುಂಬಿದ್ದರೆ ತವರಿನ ಋಣ ಇನ್ನೂ ಇದೆ ಎಂದರ್ಥ. ಬತ್ತಿದ್ದರೆ...

ಬತ್ತಿದ್ದರೆ ಏನೆಂದು ಬಿಡಿಸಿ ಹೇಳಲು ಗಂಡನ ಅಕ್ಕ ಅಲ್ಲೇ ಕಂಬಕ್ಕೊರಗಿ ಕೂತಿದ್ದಳು.

“ಅಯ್ಯೋ ಶಿವನೇ! ನಮ್ಮಣ್ಣನ ತೋಟ, ನಮ್ಮಣ್ಣನ ಅಟ್ಟ ಅಂತ ಬಾಯ್ತುಂಬ ಹೇಳ್ತಿದ್ಯಲ್ಲೇ ಹಾಲಮ್ಮ... ಅಷ್ಟು ದೊಡ್ಡ ಅಟ್ಟದಾಗೆ ನಿನ್ನ ಮಡ್ಲಿಗೆ ಅಂತ ನೀರಿರೋ ಕಾಯಿ ಒಂದು ಸಿಗ್ನಿಲ್ವೇನೇ?”

“ಏನೋ ಕೈತಪ್ಪಾಗಿರ್ತದೆ, ಬುಡಕ್ಕ,” ಎಂದ ಹಾಲಮ್ಮನ ಗಂಡ ತೋಂಟದಾರ್ಯ. ಅವನು ಯಾವ ಜಗಳದಲ್ಲೂ ಇದಕ್ಕಿಂತ ಹೆಚ್ಚು ಮಾತಾಡಿದವನಲ್ಲ.

“ಕೈತಪ್ಪೋಕೆ ಅವ್ರೇನು ಪೇಟೆ ಜನವೇನ್ರೀ?” ಹಾಲಮ್ಮ ಗಂಡನತ್ತ ತಿರುಗಿದಳು. “ಆ ಕಾಯಿ ಆರಿಸಿದ್ದು ನಮ್ಮವ್ವ. ನನ್ನ ಕಣ್ಣೆದುರಿಗೇ ಕಿವಿ ಹತ್ರ ಹಿಡಿದು ಅಲ್ಲಾಡ್ಸಿ ‘ನೀರಿದೆ’ ಅಂದ್ಲು. ನಮ್ಮವ್ವ ನೀರಿದೆ ಅಂದ್ರೆ ಊರಿಗೆ ಊರೇ ನಂಬ್ತದೆ! ಯಾರ ಮನೇಲಿ ಸೀಮಂತವಾದ್ರೂ ನಿಶ್ಚಿತಾರ್ಥವಾದ್ರೂ ಕಾಯಿ ಆರಿಸೋಕೆ ಅವಳನ್ನೇ ಕರೀತಾರೆ. ಅವಳ ಕೈಯಿಂದ ನನ್ನ ಮಡ್ಲಿಗೆ ಬರೋವಷ್ಟರಲ್ಲಿ ಕಾಯಿ ಬದಲಾಗಿದೆ ಅಂದ್ರೆ... ಮಧ್ಯೆ ಇದ್ದ ಕೈ ಯಾರದ್ದು? ಸುಲಿದು ಒಳಕ್ಕೆ ತಗೊಂಡೋಗಿ, ತಂದು ಮಡಿಲು ತುಂಬಿದ್ದು ಯಾರು? ನಮ್ಮತ್ತಿಗೆ! ಆ ಪುಟ್ಟತಾಯಿ!”

ಬಾಗಿಲಲ್ಲಿ ಚಪ್ಪಲಿ ಕಳಚುತ್ತಿದ್ದ ಚಿರಂಜೀವಿ ಹಾಗೇ ನಿಂತುಬಿಟ್ಟ. ಅವನ ತಾಯಿ ಹೋಳುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಗೋಡೆಗೆ ಮುಖ ಮಾಡಿದ್ದಳು. ಊರಿನ ಕಣ್ಣಿಗೆ ಹಾಲಮ್ಮ ಗಟ್ಟಿಗಿತ್ತಿ, ಬಾಯಾಳಿ. ಆದರೆ ಈ ಮನೆಗೆ ಬಂದಂದಿನಿಂದ ಅತ್ತೆಯ ಕೊಂಕನ್ನೂ ನಾದಿನಿಯ ಮೊನಚನ್ನೂ ಅವಳು ತಡೆದುಕೊಂಡದ್ದು ಒಂದೇ ಬಲದ ಮೇಲೆ: ನನಗೊಂದು ತವರಿದೆ... ಅಲ್ಲಿಂದ ಬರುವ ಕಾಯಿಯಲ್ಲಿ ನೀರಿದೆ!

“ಕೇಳ್ಕೋ ಕಣ್ಲಾ ಚಿರಂಜೀವಿ,” ತಿರುಗದೆಯೇ ಅಂದಳು. “ಅತ್ತಿಗೆ ನನ್ನ ಕಾಲು ಹಿಡಿದು ತಪ್ಪಾಯ್ತು ಅನ್ನೋವರೆಗೂ ಆ ಮನೆ ಹುಡುಗಿ ಈ ಹೊಸ್ತಿಲು ತುಳಿಯಂಗಿಲ್ಲ.”

ಈ ಮಾತು ನೊಣವಿನಕೆರೆಗೆ ತಲುಪಲು ಸಂಜೆಯ ಬಸ್ಸಿಗೂ ಕಾಯಲಿಲ್ಲ. ಊರಿಗೆ ಎಸ್‌ಟಿಡಿ ಬೂತು ಬಂದ ಹೊಸತು; ಶುಭ ಸುದ್ದಿಗಿಂತ ಮೊದಲು ಜಗಳಗಳೇ ಅದರಲ್ಲಿ ಓಡಾಡಲು ಕಲಿತಿದ್ದವು. ಬೂತಿನಲ್ಲಿ ರಿಸೀವರ್ ಕೆಳಗಿಟ್ಟು ಬಂದ ಹಾಲಮ್ಮನ ಅಣ್ಣ ಮರುಳಸಿದ್ದಯ್ಯನ ಮುಖ ನೋಡಿಯೇ ಪುಟ್ಟತಾಯಮ್ಮ ಒಲೆಯ ಮುಂದಿನಿಂದ ಎದ್ದು ನಿಂತಳು.

“ಪುಟ್ಟತಾಯಿ, ಒಂದೇ ಒಂದು ಮಾತು ಕೇಳ್ತೀನಿ. ಹಾಲಮ್ಮನ ಮಡಿಲಿನ ಕಾಯಿ ಬದಲಾಯಿಸಿದ್ಯಾ?”

“ಇಲ್ಲ.”

“ಅವ್ವ ಆರಿಸಿದ್ದನ್ನೇ ತುಂಬಿದ್ಯಾ?”

ಪುಟ್ಟತಾಯಮ್ಮನ ತುಟಿ ಅಲುಗಿತು. ಕಣ್ಣು ಮೂಲೆಯಲ್ಲಿ ಕೂತ ಅತ್ತೆಯತ್ತ ಹೋಗಿ ಮರಳಿತು. “ನಾನು ಬದಲಾಯಿಸಿಲ್ಲ,” ಎಂದಷ್ಟೇ ಮತ್ತೆ ಹೇಳಿ ತಲೆ ತಗ್ಗಿಸಿದಳು. ಬಾಗಿಲ ಮರೆಯಲ್ಲಿದ್ದ ವನಜಾಕ್ಷಿ ಅಮ್ಮನ ಆ ತಗ್ಗಿದ ತಲೆಯನ್ನೇ ನೋಡಿದಳು. ತಪ್ಪು ಮಾಡದವರು ಹೀಗೆ ತಲೆ ತಗ್ಗಿಸುತ್ತಾರೆಯೇ?

ಮರುಳಸಿದ್ದಯ್ಯ ಅತ್ತ ತಂಗಿಯನ್ನು ಎದೆಯ ಮೇಲೆ ಆಡಿಸಿ ಬೆಳೆಸಿದವನು. ಇತ್ತ ಹೆಂಡತಿಯನ್ನು ಒಂದು ಮಾತಿಗೂ ಅಳಿಸದವನು. ಇಬ್ಬರಲ್ಲಿ ಒಬ್ಬಳು ಸುಳ್ಳುಗಾತಿ ಎಂದಾಗ ಅವನಿಗೆ ಉಳಿದದ್ದು ಸಿಟ್ಟೊಂದೇ. “ನನ್ನ ಹೆಂಡ್ತಿ ಅವಳ ಕಾಲು ಹಿಡೀಬೇಕಂತೆ! ಆಗ್ಲಿ. ಚಿಕ್ಕನಾಯಕನಹಳ್ಳಿಯ ಬಸವರಾಜಪ್ಪನೋರು ಆಗ್ಲಿಂದ ಮಗನಿಗೆ ಕೇಳ್ತಾವ್ರೆ. ಬರೋ ಸೋಮವಾರ ಬಂದು ಹೆಣ್ಣು ನೋಡಲಿ. ದಂಡಿನಶಿವರದ ದಾರಿ ಇವತ್ತಿಗೆ ಮುಚ್ಚೋಯ್ತು!”

“ಅಪ್ಪಾ...” ಎಂದಳು ವನಜಾಕ್ಷಿ. ಅಪ್ಪ ಕೇಳಿಸಿಕೊಳ್ಳಲಿಲ್ಲ.

ಮೂಲೆಯಲ್ಲಿ ಅಜ್ಜಿ ಸಿದ್ದಗಂಗಮ್ಮ, ಮನೆಗೆ ಬೆಂಕಿ ಬಿದ್ದದ್ದೇ ತಿಳಿಯದವಳಂತೆ, ಎಲೆಗೆ ಸುಣ್ಣ ಸವರಿಕೊಳ್ಳುತ್ತಿದ್ದಳು.

ವನಜಾಕ್ಷಿಗೆ ಅಳಲು ಗೊತ್ತಿದ್ದ ಜಾಗ ಒಂದೇ. ಅಡಿಗೆಮನೆಯ ಮೇಲಿನ ಅಟ್ಟ. ಕೆಳಗಿನ ಒಲೆಯ ಹೊಗೆ ಬಿದಿರಿನ ಸಂದಿಯಿಂದ ಏರಿ ಬಂದು, ಗುಡ್ಡೆ ಗುಡ್ಡೆಯಾಗಿ ಕೂಡಿಟ್ಟ ಕಾಯಿಗಳ ನಡುವೆ ಸುತ್ತಾಡುತ್ತ, ಗಾಜಿನ ಹೆಂಚಿನಿಂದ ಇಳಿದ ಬಿಸಿಲ ಕೋಲಿಗೆ ತಾಗಿದೊಡನೆ ನೀಲಿಯಾಗುತ್ತಿತ್ತು. ಕಾಯಿಗಳು ವರ್ಷವಿಡೀ ಅಲ್ಲಿ ಮಲಗಿ, ಒಳಗಿನ ನೀರನ್ನು ತಾವೇ ಮೆಲ್ಲಗೆ ಕುಡಿದು ಕೊಬ್ಬರಿಯಾಗುತ್ತವೆ. ಹೊಸ ಕಾಯಿ ಅಲ್ಲಾಡಿಸಿದರೆ ಕುಳುಕುಳು ಅನ್ನುತ್ತದೆ. ಹಣ್ಣಾದ ಕೊಬ್ಬರಿ ಕರಟ ಬಿಟ್ಟು ಗಟಗಟ ಅನ್ನುತ್ತದೆ. ನಡುವೆ ಒಂದು ಕಾಲವಿದೆ... ನೀರು ಆರಿದ, ಕೊಬ್ಬರಿ ಇನ್ನೂ ಬಿಡದ ಕಾಲ. ಆಗ ಕಾಯಿ ಏನೂ ಅನ್ನುವುದಿಲ್ಲ.

ಅಜ್ಜಿಯ ಕಥೆ ಹುಟ್ಟಿದ್ದೂ ಈ ಅಟ್ಟದಲ್ಲೇ. ವನಜಾಕ್ಷಿ ಮೂಗೊರೆಸಿಕೊಳ್ಳುತ್ತ ಕೂತಿರುವಾಗ ಏಣಿ ಕಿರುಗುಟ್ಟಿತು. ಸಿದ್ದಗಂಗಮ್ಮ ಮೇಲೆ ಬಂದು ಮೊಮ್ಮಗಳ ಗಲ್ಲ ಹಿಡಿದು ನೋಡಿ, ಏನು ಎತ್ತ ಕೇಳದೆ, ಅವಳ ತಲೆಯನ್ನು ತೊಡೆಗೆಳೆದುಕೊಂಡಳು.

“ಏಳುಕೆರೆ ರಾಜ್ಯ ಅಂತ ಒಂದಿತ್ತಂತೆ...” ಶುರುವಾಗಿಯೇಬಿಟ್ಟಿತು.

ಏಳುಕೆರೆ ರಾಜ್ಯದಲ್ಲಿ ಏಳು ಕೆರೆಗಳು ಒಂದರ ಕನ್ನಡಿಯಲ್ಲಿ ಇನ್ನೊಂದು ಮುಖ ನೋಡಿಕೊಳ್ಳುತ್ತಿದ್ದವು. ಅಲ್ಲಿನ ತೆಂಗಿನ ಗರಿಗಳು ಗಾಳಿ ಬಂದಾಗ ಜನರ ಹೆಸರು ಹಿಡಿದು ಕರೆಯುತ್ತಿದ್ದವು. ಬಡಗಲ ಗುಡ್ಡಗಳ ಮೇಲೆ ಕೆಂಗಲ್ಲುದುರ್ಗ. ಅಲ್ಲಿ ಮಳೆ ಬಿದ್ದರೆ ನೆಲ ಕುಂಕುಮವಾಗಿ ಹರಿಯುತ್ತಿತ್ತು. ಕುರಿಗಳ ಉಣ್ಣೆ ಕೂಡ ಸಂಜೆಗೆಂಪು. ಎರಡು ರಾಜ್ಯಗಳಿಗೂ ಎಂಥದೋ ಹಳೆಯ ಹಗೆ, ಯಾತಕ್ಕೆಂದು ಕತ್ತಿಗಳಿಗೂ ಮರೆತುಹೋಗಿತ್ತು. ಕೊನೆಗೆ ಹೆಣ ಹೊತ್ತು ಸಾಕಾದ ಎರಡೂ ಕಡೆಯ ತಾಯಂದಿರು ಗಡಿಯಲ್ಲಿ ಕೂತರು. ಆಣೆ ಭಾಷೆ ಯಾರಿಗೂ ಬೇಡವಾಗಿತ್ತು. ಉಸಿರಾಡುವ ಸಾಕ್ಷಿ ಬೇಕು ಅಂದರು. ಏಳುಕೆರೆಯ ಒಂದು ಕಾಯಿ ಕೆಂಗಲ್ಲುದುರ್ಗದ ಅಟ್ಟದಲ್ಲಿ ಇರಲಿ. ಅದರೊಳಗೆ ನೀರಿರುವ ತನಕ ಯಾರೂ ಕತ್ತಿ ಹಿರಿಯುವ ಹಾಗಿಲ್ಲ. ಕಾಯಿಯ ಕಾವಲಿಗೆ ಏಳುಕೆರೆಯ ರಾಜಕುಮಾರಿ ಹೊಂಬಾಳೆ, ಕೆಂಗಲ್ಲುದುರ್ಗದ ಯುವರಾಜನಿಗೆ ಹೆಂಡತಿಯಾಗಿ ಹೋಗಲಿ.

“ಗಂಡ ಚೆನ್ನಾಗಿದ್ನಾ ಅಜ್ಜಿ?” ಚಿಕ್ಕವಳಿದ್ದಾಗ ವನಜಾಕ್ಷಿ ಕೇಳುತ್ತಿದ್ದಳು. “ನಿಮ್ಮ ಬಾವನಂಗಿದ್ದ, ಕಿವಿ ಸ್ವಲ್ಪ ಅಗಲ,” ಎನ್ನುತ್ತಿದ್ದಳು ಅಜ್ಜಿ, ಮತ್ತು ಅಲ್ಲೇ ಕೂತಿರುತ್ತಿದ್ದ ಸೋದರತ್ತೆಯ ಮಗ ಚಿರಂಜೀವಿ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದ. ಅವಳು ಏಳುಕೆರೆ, ಅವನು ಕೆಂಗಲ್ಲು. ಎಷ್ಟು ಬೇಸಿಗೆಗಳು ಅವರು ಈ ತೋಟದಲ್ಲಿ ಸೋಗೆಯ ಕೋಟೆ ಕಟ್ಟಿ ಯುದ್ಧ ಹೂಡಿ, ಕೊನೆಗೆ ಒಂದೇ ಎಳನೀರಿನಲ್ಲಿ ಸಂಧಿ ಮಾಡಿಕೊಂಡಿದ್ದರೋ!

ದಿನಾ ಬೆಳಗಾಗುವಾಗ ಹೊಂಬಾಳೆ ಅಟ್ಟ ಹತ್ತಿ ಕಾಯಿ ಅಲ್ಲಾಡಿಸುತ್ತಾಳೆ. ಒಳಗೆ ಏಳು ಕೆರೆಗಳೂ ಅಲೆಯಾಡುತ್ತವೆ. ಕಿಟಕಿಯಿಂದ ಬಾಗಿ “ನೀರಿದೆ!” ಎಂದು ಕೂಗುತ್ತಾಳೆ. ಬುರುಜಿನವನು ಅದನ್ನೇ ಕೂಗುತ್ತಾನೆ, ಗುಡ್ಡದವನು ಅದನ್ನೇ ಕೂಗುತ್ತಾನೆ, ಗಡಿಯವರೆಗೂ ಬೆಳಕಿನ ಜೊತೆಗೆ ಆ ಮಾತು ಇಳಿದುಹೋಗುತ್ತದೆ. ಹೆಂಗಸರು ಒಲೆ ಹಚ್ಚುತ್ತಾರೆ. ಒಂದು ಬೆಳಗ್ಗೆ ಅವಳು ಕಾಯಿ ಅಲ್ಲಾಡಿಸಿದಳು... ಏನೂ ಕೇಳಲಿಲ್ಲ. ಮತ್ತೆ ಅಲ್ಲಾಡಿಸಿದಳು... ಏನೂ ಇಲ್ಲ! ಕೆಳಗೆ ಗಂಡ ಕುದುರೆಯ ಬೆನ್ನು ಸವರುತ್ತಿದ್ದಾನೆ. ಗಡಿಯಾಚೆ ಅಣ್ಣನ ದಂಡು. ನಿಜ ಹೇಳಿದರೆ ಇವರಿಬ್ಬರಲ್ಲಿ ಒಬ್ಬರ ಹೆಣ. ಹೊಂಬಾಳೆ ಕಿಟಕಿಯಿಂದ ಬಾಗಿದಳು. ಎಂದಿಗಿಂತ ಗಟ್ಟಿಯಾಗಿ ಕೂಗಿದಳು.

“ನೀರಿದೆ!”

“ಆಮೇಲೆ ಅಜ್ಜಿ?”

“ಆಮೇಲೇನು? ಇನ್ನೊಂದು ಬೆಳಗಾಯ್ತು.”

ಕಥೆ ಯಾವಾಗಲೂ ಅಲ್ಲಿಗೇ ನಿಲ್ಲುತ್ತಿತ್ತು. ಒಂದು ದಿನ ರಾಜನೇ ಅಟ್ಟ ಹತ್ತಿ ಕಾಯಿ ಕೈಗೆತ್ತಿಕೊಂಡರೆ ಗತಿಯೇನು? ಹುಡುಗಿಯಾಗಿದ್ದಾಗ ಹಾಲಮ್ಮನೂ ಇದನ್ನೇ ಕೇಳಿ ಅತ್ತಿದ್ದಳಂತೆ. ಅಜ್ಜಿ ಯಾರಿಗೂ ಹೇಳಲಿಲ್ಲ.

ಎರಡು ದಿನ ತಡೆದು, ಟೈಲರಿಂಗ್ ಕ್ಲಾಸಿನ ನೆಪ ಹೇಳಿ ವನಜಾಕ್ಷಿ ತುರುವೇಕೆರೆಯ ಬಸ್ಸು ಹತ್ತಿದಳು. ಬಸ್ ಸ್ಟ್ಯಾಂಡಿನ ಹಿಂದೆ ಚಿರಂಜೀವಿಯೂ ಅವನ ಗೆಳೆಯ ರಯೀಸನೂ ನಡೆಸುತ್ತಿದ್ದ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿಯ ಪುಟ್ಟ ಅಂಗಡಿ. ಅವಳನ್ನು ಕಂಡದ್ದೇ ರಯೀಸ್ ಸ್ಟೂಲು ಒರೆಸಿದ.

“ಬನ್ನಿ ಅಕ್ಕಾ, ಬನ್ನಿ. ನಿಮ್ಮ ಬಾವ ಮೂರು ದಿನದಿಂದ ಒಂದೇ ಸ್ಕ್ರೂ ಬಿಚ್ತಾವ್ನೆ, ಹಾಕ್ತಾವ್ನೆ. ಗಿರಾಕಿಗಳು ಬೇರೆ ಅಂಗಡಿ ನೋಡ್ಕೊಂಡ್ರು. ಇಬ್ರೂ ಮಾತಾಡಿ, ನಾನು ಚಾಯ್ ತತ್ತೀನಿ. ದೂರದ ಅಂಗಡಿಯಿಂದ!”

ಅವನು ಹೋದ ಮೇಲೆ ಚಿರಂಜೀವಿ ಬೆಸುಗೆಯ ಕಡ್ಡಿ ಕೈಗೆತ್ತಿಕೊಂಡ.

“ಸೋಮವಾರವಂತೆ,” ಎಂದ.

“ಹೂಂ.”

“ನಾನು ಬಂದು ಮಾವನ ಕಾಲಿಗೆ ಬೀಳ್ಲಾ?”

“ಅತ್ತೆ?”

ಅವನು ಬೆಸುಗೆಯ ಕಡ್ಡಿ ಕೆಳಗಿಟ್ಟ. “ಅದೇ ಕಣೇ ವನಜ. ಅವ್ವ ಊಟಕ್ಕೆ ಕೂತರೂ ಆ ಹೋಳುಗಳನ್ನ ಪಕ್ಕಕ್ಕಿಟ್ಕೊಂಡು ಕೂರ್ತಾಳೆ. ಬೈತಾಳೆ ಅಂತ ಹೆದರಿಕೆ ಇಲ್ಲ ನಂಗೆ. ಆದ್ರೆ ರಾತ್ರಿ ಸದ್ದಿಲ್ದಂಗೆ ಅಳ್ತಾಳೆ. ಅವಳನ್ನ ಹಂಗೆ ಬಿಟ್ಟು ನಿನ್ನ ಕೈ ಹಿಡಿದ್ರೆ ಆ ಕೈ ಸುಡಲ್ವಾ? ನಿನ್ನ ಬಿಟ್ಟು ಅವಳ ಪಕ್ಕ ನಿಂತ್ರೆ... ಅದನ್ನ ಯೋಚ್ನೆ ಮಾಡೋಕೂ ಆಗ್ತಿಲ್ಲ.”

ವನಜಾಕ್ಷಿ ಸೆರಗಿನ ತುದಿ ಸುತ್ತಿದಳು. ಓಡಿಹೋಗೋಣ ಎಂದಿದ್ದರೆ ಅವಳಿಗೆ ಅವನ ಮೇಲೆ ಇಷ್ಟು ಪ್ರೀತಿ ಉಕ್ಕುತ್ತಿರಲಿಲ್ಲವೇನೋ.

ಚಹಾ ತಂದ ರಯೀಸ್ ಇಬ್ಬರ ಮುಖ ನೋಡಿ, ಏನಾದರೂ ಮಾತಿರಲೆಂದು ಶೆಲ್ಫಿನಿಂದ ಒಂದು ಹಳೆಯ ರೇಡಿಯೋ ಇಳಿಸಿದ. “ಅಕ್ಕಾ, ನಿಮ್ಮಜ್ಜಿ ರೇಡಿಯೋ. ತಗೊಂಡು ಹೋಗ್ಬಿಡಿ. ‘ದನಿ ಸತ್ತೋಗಿದೆ, ದನಿ ಸತ್ತೋಗಿದೆ’ ಅಂತ ಪದೇ ಪದೇ ಕಳಿಸ್ತಾರೆ. ಬಿಚ್ಚಿ ನೋಡಿದ್ರೆ ಏನೂ ಆಗಿಲ್ಲ! ವಾಲ್ಯೂಮ್ ಪೂರಾ ತಿರುಗ್ಸಿ ಇಟ್ಟವ್ರೆ. ಮೊನ್ನೆ ಆನ್ ಮಾಡಿದ್ನಾ, ಬಸ್ ಸ್ಟ್ಯಾಂಡ್ ಜನವೆಲ್ಲ ಎದ್ದು ನಿಂತ್ರು, ಬಸ್ ಬಂತು ಅಂತ!”

ಚಿರಂಜೀವಿ ನಕ್ಕ. ವನಜಾಕ್ಷಿ ನಗಲಿಲ್ಲ. ಅವಳು ಚಹಾ ಲೋಟ ಕೆಳಗಿಟ್ಟು, ಪೂರಾ ತಿರುಗಿದ್ದ ವಾಲ್ಯೂಮ್ ಗುಂಡಿಯನ್ನು ಮುಟ್ಟಿ ನೋಡಿದಳು. ದನಿ ಸತ್ತಿದೆ... ರೇಡಿಯೋದಲ್ಲಿ ಏನೂ ಆಗಿಲ್ಲ...

ಮನೆಗೆ ಬಂದಾಗ ಅಜ್ಜಿ ಹಿತ್ತಲ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತು ಹೂ ಕಟ್ಟುತ್ತಿದ್ದಳು. ವನಜಾಕ್ಷಿ ಹಿಂದೆ ನಿಂತಳು. “ಅಜ್ಜಿ,” ಎಂದಳು. ಹೂವಿನ ಬೆರಳುಗಳು ನಿಲ್ಲಲಿಲ್ಲ. “ಅಜ್ಜೀ!” ಎಂದಳು. ಪಕ್ಕದ ಮನೆಯ ನಾಯಿ ಬೊಗಳಿತು. ವನಜಾಕ್ಷಿ ತಾನು ಎಂದೂ ಹೇಳಬಾರದ ಮಾತನ್ನು ಆ ನರೆತ ತಲೆಯ ಹಿಂದೆ ನಿಂತು ಹೇಳಿದಳು. “ಅಜ್ಜಿ... ಹೊಂಬಾಳೆ ಸತ್ತೋದ್ಲು.”

ಕಥೆಯ ಹುಡುಗಿಯ ಮೇಲೆ ನೊಣ ಕೂರಿಸಿದರೂ ಸಹಿಸದಿದ್ದ ಸಿದ್ದಗಂಗಮ್ಮ, ಮೊಗ್ಗು ಮೊಗ್ಗಿಗೂ ತಲೆದೂಗುತ್ತ ಕಟ್ಟುತ್ತಲೇ ಇದ್ದಳು. ಅಪ್ಪ ಯಾವಾಗಲೂ “ನಮ್ಮವ್ವ ಹಟಮಾರಿ, ಯಾರ ಮಾತಿಗೂ ಬಗ್ಗಲ್ಲ” ಎಂದು ನಗುತ್ತಿದ್ದದ್ದು ನೆನಪಾಯಿತು. ಅಯ್ಯೋ! ಎಷ್ಟು ಕಾಲದಿಂದ ಅವಳು ಒಂದು ಮೌನದ ರಾಜ್ಯದಲ್ಲಿ ಒಬ್ಬಳೇ ಇದ್ದಳೋ! ಇದಕ್ಕೇ ಅವಳು ಸದಾ ಕಥೆ ಹೇಳುತ್ತಿದ್ದದ್ದು! ತಾನೇ ಮಾತಾಡುತ್ತಿದ್ದರೆ ಯಾರೂ ಏನನ್ನೂ ಕೇಳುವುದಿಲ್ಲವಲ್ಲ!

“ಗೊತ್ತಾಯ್ತಾ ನಿಂಗೂ?”

ಕೊಟ್ಟಿಗೆಯ ಬಳಿ, ನೆಟ್ಟ ಗುದ್ದಲಿಮೊನೆಗೆ ಕಾಯಿ ಚುಚ್ಚಿ ಸುಲಿಯುತ್ತಿದ್ದ ಪುಟ್ಟತಾಯಮ್ಮ ಕೆಲಸ ನಿಲ್ಲಿಸಿ ನೋಡುತ್ತಿದ್ದಳು.

“ಅಮ್ಮಾ... ನಿಂಗೆ ಮೊದ್ಲೇ ಗೊತ್ತಿತ್ತಾ?”

“ಮನೆಯೊಳಗೆ ಒಬ್ರ ಹಿಂದೆ ಒಬ್ರು ಓಡಾಡೋರಿಗೆ ಗೊತ್ತಾಗ್ದೆ ಇರ್ತದಾ?” ಅವಳು ಕೈಯ ನಾರು ಒರೆಸಿಕೊಂಡಳು. “ಅತ್ತೆ ಆರಿಸಿ ಕೊಟ್ಟಿದ್ದನ್ನ ಸುಲಿಯೋಕೆ ಅಂತ ಹಿತ್ತಲಿಗೆ ತತ್ತೀನಿ. ಇಲ್ಲಿ ಇನ್ನೊಂದ್ಸಲ ಅಲ್ಲಾಡಿಸಿ ನೋಡ್ತೀನಿ. ಬತ್ತಿದ್ರೆ ಹುಲ್ಲಿನಡಿಗೆ ತಳ್ಳಿ, ಬೇರೆ ಸುಲಿದು ಇಡ್ತೀನಿ. ಊರವರ ಕಾಯೂ ಅಷ್ಟೇ. ಅವತ್ತು ನಿಮ್ಮತ್ತೆ ಮಾತಾಡ್ತಾ ಮಾತಾಡ್ತಾ ನನ್ನ ಹಿಂದೇನೇ ಹಿತ್ತಲಿಗೆ ಬಂದ್ಲು. ಪಕ್ಕದಲ್ಲೇ ನಿಂತ್ಲು. ಎತ್ಕೊಂಡಾಗಲೇ ಹಗುರ ಅನ್ನಿಸ್ತು ಕಣೇ... ಆದ್ರೆ ಅವಳ ಕಣ್ಣೆದುರಿಗೆ ಹೆಂಗೆ ಬದಲಾಯಿಸ್ಲಿ?” ಅವಳು ಒಣ ನಗೆ ನಕ್ಕಳು. “ಬದಲಾಯಿಸಿದ್ಲು ಅಂತ ಬೈತಾವ್ರೆ. ಬದಲಾಯಿಸದೆ ಹೋದದ್ದು ಅದೊಂದೇ ಸಲ!”

“ಹೇಳ್ಬಿಡಮ್ಮ! ಅಪ್ಪನಿಗೆ ಹೇಳು, ಅತ್ತೆಗೆ ಹೇಳು!”

“ಬಾಯಿ ಮುಚ್ಚು!” ಪುಟ್ಟತಾಯಮ್ಮ ಮಗಳ ತೋಳು ಹಿಡಿದಳು. ಅಷ್ಟು ಮೆದು ಹೆಂಗಸಿನ ಹಿಡಿತ ಅಷ್ಟು ಬಿಗಿಯಾಗಿರಬಹುದೆಂದು ವನಜಾಕ್ಷಿಗೆ ಗೊತ್ತಿರಲಿಲ್ಲ. “ನಿನಗಿಂತ ಮುಂಚೆ ಎರಡು ಕೂಸು ಹೋದ್ವು ನಂಗೆ. ಇವಳ ಕೈಲಿ ಮಡಿಲು ತುಂಬಿಸ್ಬ್ಯಾಡಿ ಅಂತ ಕೇರಿಗೆ ಕೇರಿಯೇ ಅಂತು. ನಿಮ್ಮಜ್ಜಿ ಏನು ಮಾಡಿದ್ರು ಗೊತ್ತಾ? ತುಂಬಿದ ಮನೇಲಿ, ನನ್ನ ಕೈಗೇ ಕಾಯಿ ಕೊಟ್ರು. ‘ಆರಿಸೋದು ನಾನು, ತುಂಬೋದು ನನ್ನ ಸೊಸೆ. ಬೇಕಿದ್ದೋರು ಮಡಿಲೊಡ್ಡಿ, ಬ್ಯಾಡದೋರು ಎದ್ದೋಗಿ’ ಅಂದ್ರು. ಯಾರೂ ಎದ್ದೋಗ್ಲಿಲ್ಲ. ಈಗ ಅವರ ಕೈಲಿ ಉಳಿದಿರೋದು ಆ ಆರಿಸೋದೊಂದೇ. ಕಿವುಡಿ ಅಂತ ಗೊತ್ತಾದ ದಿನ ಅವರನ್ನ ಯಾರು ಕರೀತಾರೆ? ಮೂಲೇಲಿ ಕೂರಿಸಿ ಅನ್ನ ಹಾಕ್ತಾರೆ. ನಾನು ಇನ್ನೊಬ್ರ ಕಾಲು ಬೇಕಾದ್ರೆ ಹಿಡೀತೀನಿ... ಅದನ್ನ ನೋಡಲಾರೆ.”

ವನಜಾಕ್ಷಿ ಅಮ್ಮನನ್ನು ಮೊದಲ ಸಲವೆಂಬಂತೆ ನೋಡಿದಳು. ಇಷ್ಟು ವರ್ಷ ಅವಳು ಹೊಂಬಾಳೆಗೆ ಹಾಲುಬಣ್ಣ, ಮಾರುದ್ದ ಜಡೆ, ಕೆರೆಯ ಕಣ್ಣು ಕೊಟ್ಟುಕೊಂಡಿದ್ದಳು. ಹೊಂಬಾಳೆ ಈ ಮನೆಯಲ್ಲೇ ಇದ್ದಳು! ಅಂಗೈಯಲ್ಲಿ ನಾರು ಚುಚ್ಚಿದ ಗಾಯಗಳು, ಹೊಗೆಗೆ ಕೆಂಪಾದ ಕಣ್ಣು... ದಿನ ದಿನ ಬತ್ತಿದ ಕಾಯಿಗೆ ನೀರಿದೆ ಅನ್ನುತ್ತ, ಎರಡು ಮನೆಗಳಲ್ಲಿ ಒಲೆ ಹೊತ್ತಿಸುತ್ತ!

ಭಾನುವಾರ ಮಧ್ಯಾಹ್ನ ಬಾಗಿಲಿಗೆ ಆಟೋ ಬಂದು ನಿಂತಿತು. ಹಾಲಮ್ಮ ಇಳಿದಳು, ಹಿಂದೆ ತಲೆ ತಗ್ಗಿಸಿದ ಚಿರಂಜೀವಿ. ತವರಿನಿಂದ ಕೊಟ್ಟ ಹಿತ್ತಾಳೆ ಕೊಡ, ಅದರೊಳಗೆ ಮಡಿಲಿನ ಅಕ್ಕಿ, ಮೇಲೆ ಬಟ್ಟೆಯಲ್ಲಿ ಸುತ್ತಿದ ಆ ಎರಡು ಹೋಳು. ಜಗಲಿಯ ಮೇಲೆ ಎಲ್ಲವನ್ನೂ ದಡ್ ಎಂದು ಇಟ್ಟಳು.

“ನಾಳೆ ಹೊಸ ಬೀಗರು ಬತ್ತಾರಂತಲ್ಲ ಅಣ್ಣ. ಅದಕ್ಕೆ ಮುಂಚೆ ನಿನ್ನ ಮನೇದೆಲ್ಲ ನಿನಗೇ ಇರಲಿ ಅಂತ ತಂದೆ.”

“ಇಟ್ಟು ಹೋಗು!” ಮರುಳಸಿದ್ದಯ್ಯ ಕೂತಲ್ಲಿಂದಲೇ ಗುಡುಗಿದ. “ಹೆತ್ತವ್ವ ಇರೋ ಮನೆಗೆ ಕೊಡ ವಾಪಸ್ ತಂದೋಳು ನೀನೇ ಮೊದಲು ಕಣಮ್ಮ.”

“ಹೆತ್ತವ್ವ ಇರೋ ಮನೇಲಿ ಬತ್ತಿದ ಕಾಯಿ ತಗೊಂಡೋಳೂ ನಾನೇ ಮೊದಲು! ಕರಿ ನಿನ್ನ ಹೆಂಡ್ತೀನ. ಕರಿ! ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಲಿ, ಯಾವ ಹೊಟ್ಟೆಕಿಚ್ಚಿಗೆ ಮಾಡಿದ್ಲು ಅಂತ!”

ಪುಟ್ಟತಾಯಮ್ಮ ಬಂದಳು. ಮಾತಿಲ್ಲದೆ ನಾದಿನಿಯ ಕಾಲಿನತ್ತ ಬಗ್ಗಿದಳು. ಅವಳ ಬೆರಳು ಪಾದ ಮುಟ್ಟುವ ಮೊದಲೇ ವನಜಾಕ್ಷಿ ಓಡಿ ಬಂದು ಅಮ್ಮನನ್ನು ತಡೆದು ನಿಂತಳು.

“ಅಮ್ಮನ್ನ ಬೈಬೇಡಿ ಅತ್ತೆ. ಕಾಯಿ ಬದಲಾಯಿಸಿದ್ದು ನಾನು.”

ಹಾಲಮ್ಮ ಹುಡುಗಿಯತ್ತ ತಿರುಗಿದಳು. “ನೀನಾ?... ಯಾಕೆ?”

ವನಜಾಕ್ಷಿ ಚಿರಂಜೀವಿಯನ್ನು ನೋಡಲಿಲ್ಲ. ನೋಡಿದ್ದರೆ ಮಾತು ಹೊರಡುತ್ತಿರಲಿಲ್ಲ. ಎಂದಿಗಿಂತ ಗಟ್ಟಿಯಾಗಿ ಹೇಳಿದಳು. “ನಂಗೆ ಈ ಮದುವೆ ಬೇಡವಾಗಿತ್ತು. ಬಾಯಿಬಿಟ್ಟು ಹೇಳೋಕೆ ಧೈರ್ಯ ಬರ್ಲಿಲ್ಲ. ಅದಕ್ಕೆ.”

“ಸುಳ್ಳು!” ಪುಟ್ಟತಾಯಮ್ಮ ಚೀರಿದಳು. “ಸುಳ್ಳು ಹೇಳ್ತಾವಳೆ! ನಂಬ್ಬೇಡಿ!” ಚಿರಂಜೀವಿಯ ಮುಖ ಸುಣ್ಣದ ಗೋಡೆಯಾಗಿತ್ತು. ಮರುಳಸಿದ್ದಯ್ಯ ಕೈಯೆತ್ತಿ ಮಗಳ ಕಡೆ ನುಗ್ಗಿದ. ಹಾಲಮ್ಮ “ಅಮ್ಮ ಮಗಳು ಸೇರಿ ನಾಟಕ ಕಟ್ಟಿದ್ದೀರಾ!” ಎಂದು ಕಿರಿಚಿದಳು. ಯಾರ ಮಾತು ಯಾರದೆಂದು ತಿಳಿಯದಷ್ಟು ಕೂಗಾಟ...

ಆ ಕೂಗಾಟದ ನಡುವೆ ಸಿದ್ದಗಂಗಮ್ಮ ನಡೆದು ಬಂದಳು.

ಅಟ್ಟದ ಗವಾಕ್ಷಿಯಿಂದ ಮಗಳು ಆಟೋ ಇಳಿಯುವುದನ್ನು ಅವಳು ಕಂಡಿದ್ದಳು. ಮಗಳು ಬಂದಿದ್ದಾಳೆ; ಮಡಿಲು ಬರಿದಾಗಿ ಕಳಿಸುವುದುಂಟೇ? ನಾರು ಸುಲಿಯದ ಒಂದು ಕಾಯಿಯನ್ನು ಎದೆಗವಚಿಕೊಂಡು, ಎತ್ತಿದ ಕೈಗಳ ಕೆಳಗೆ, ತೆರೆದ ಬಾಯಿಗಳ ನಡುವೆ, ಬೆಳಗಿನ ಹೊತ್ತಿನ ತೋಟದಲ್ಲಿ ನಡೆಯುವವಳಂತೆ ನಿಧಾನವಾಗಿ ಬಂದಳು. ಅವಳ ಮುಖದ ಸಂತೋಷಕ್ಕೆ ಒಂದು ಗೆರೆ ಕೊಂಕಿರಲಿಲ್ಲ. ಅದನ್ನು ನೋಡಿಯೇ ಒಬ್ಬೊಬ್ಬರ ದನಿಯೂ ತಾನಾಗಿ ಅಡಗಿತು.

“ಬಂದ್ಯಾ ನನ್ನವ್ವ! ಯಾಕಿಂಗೆ ಸೊರಗಿದ್ದೀಯ?” ಎಂದಳು. ಉತ್ತರಕ್ಕೆ ಕಾಯಲಿಲ್ಲ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಕಣ್ಣು ಮುಚ್ಚಿದಳು, ಏಳೂ ಕೆರೆಗಳು ಅಲೆಯಾಡಿದವೆಂಬಂತೆ. ನಕ್ಕಳು. “ನೀರಿದೆ.”

ಅಷ್ಟು ಸದ್ದಡಗಿದ ಜಗಲಿಯಲ್ಲಿ ಆ ಕಾಯಿ ಏನೂ ಅಂದಿರಲಿಲ್ಲ.

ಹಾಲಮ್ಮನ ಹುಬ್ಬು ಗಂಟಿಕ್ಕಿತು. ಕಾಯಿ ಈಸಿಕೊಂಡು ತಾನೂ ಅಲ್ಲಾಡಿಸಿದಳು. ಕುಳುಕಿಲ್ಲ, ಗಟಕಿಲ್ಲ. ಹೊಸ ಸಿಟ್ಟೊಂದು ಅವಳ ಮುಖಕ್ಕೆ ಏರಿ ಬರುತ್ತಿತ್ತು... ಅಷ್ಟರಲ್ಲಿ ತಾಯಿ ಬೆನ್ನು ತಿರುಗಿಸಿ, ಗೂಡಿನ ಅರಿಶಿನದ ಬಟ್ಟಲಿಗೆ ಕೈಚಾಚಿದ್ದಳು.

“ಅವ್ವಾ,” ಎಂದಳು ಹಾಲಮ್ಮ.

ಸಿದ್ದಗಂಗಮ್ಮ ಅರಿಶಿನ ಕಲಸುತ್ತಿದ್ದಳು.

“ಅವ್ವಾ... ನಾನು ಕಣವ್ವ.”

ಬೆನ್ನು ಅಲುಗಲಿಲ್ಲ. ಹಾಲಮ್ಮ ಮೆಲ್ಲಗೆ ಅತ್ತಿಗೆಯ ಕಡೆ ತಿರುಗಿದಳು. ಪುಟ್ಟತಾಯಮ್ಮ ಎರಡು ಕೈ ಜೋಡಿಸಿ ನಿಂತಿದ್ದಳು. ಕ್ಷಮೆಗಲ್ಲ. ಹೇಳಬೇಡ, ಹೇಳಬೇಡ ಎಂದು ಆ ಕೈಗಳು ಬೇಡುತ್ತಿದ್ದವು. ಹಿತ್ತಲಲ್ಲಿ ಅವತ್ತು ಕಾಯಿ ಕೈಗೆತ್ತಿಕೊಂಡು ಅತ್ತಿಗೆ ಒಂದು ಗಳಿಗೆ ತಡೆದು ನಿಂತದ್ದು, ತಾನು “ಬೇಗ ಸುಲಿ ಅತ್ತಿಗೆ, ಬಸ್ ತಪ್ಪೋಯ್ತದೆ” ಎಂದು ನಕ್ಕದ್ದು... ಎಲ್ಲ ಹಾಲಮ್ಮನ ಕಣ್ಣ ಮುಂದೆ ಬಂತು. ಅವಳ ಗಂಟಲಿನಿಂದ ಒಂದು ಸಣ್ಣ ಸದ್ದು ಹೊರಟಿತು.

ಅರಿಶಿನ ಕುಂಕುಮ ಹಿಡಿದು ಸಿದ್ದಗಂಗಮ್ಮ ಮಗಳ ಮುಂದೆ ಬಂದು, ಅವಳ ಮುಖವನ್ನೇ ನೋಡುತ್ತ ನಿಂತಳು. ಆಗ ಮಾತ್ರ ಆ ಮುದಿಗಣ್ಣುಗಳಲ್ಲಿ ಒಂದು ಹೆದರಿಕೆ ಸುಳಿಯಿತು. ಪರೀಕ್ಷೆಗೆ ನಿಂತ ಮಗುವಿನ ಹೆದರಿಕೆ. “ಇದೆ ಅಲ್ವೇನೇ?” ಎಂದಳು ಬಲು ಮೆಲ್ಲಗೆ.

ಹಾಲಮ್ಮ ಸೆರಗು ಬಿಡಿಸಿ ಮಡಿಲೊಡ್ಡಿದಳು. ಕಣ್ಣೀರು ಕೆನ್ನೆಯ ಮೇಲೆ ಹರಿಯುತ್ತಿದ್ದರೂ ತುಟಿಗಳನ್ನು ನಡುಗಗೊಡದೆ, ಒಂದೊಂದು ಅಕ್ಷರವೂ ತಾಯಿಗೆ ಕಾಣುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು.

“ಹೂಂ ಕಣವ್ವ. ನೀರಿದೆ. ತುಂಬಾ ಇದೆ.”

ಸಿದ್ದಗಂಗಮ್ಮ ಸೊಸೆಯನ್ನು ಕರೆದು ಕಾಯಿ ಅವಳ ಕೈಗಿತ್ತಳು. ಆರಿಸುವುದು ತಾನು, ತುಂಬುವುದು ಸೊಸೆ. ಪುಟ್ಟತಾಯಮ್ಮ ನಾದಿನಿಯ ಮಡಿಲಿಗೆ ಕಾಯಿ ಇಡುವಾಗ ಹಾಲಮ್ಮ ಆ ನಾರುಗಾಯದ ಕೈಗಳನ್ನು ಸೆರಗಿನೊಳಗೇ ಹಿಡಿದುಕೊಂಡಳು, ಬಿಡಲೇ ಇಲ್ಲ. “ಅತ್ತಿಗೆ... ನನ್ನ ಬಾಯಿಗಿಷ್ಟು ಬೆಂಕಿ ಬೀಳ...” ಎಂದಳು. “ಬುಡು ಹಾಲಮ್ಮ, ಅವರು ನೋಡ್ತಾವ್ರೆ. ನಗು,” ಎಂದಳು ಪುಟ್ಟತಾಯಮ್ಮ. ಇಬ್ಬರೂ ಅಳುತ್ತ ನಕ್ಕರು.

“ಏನ್ರೇ ಇದು? ಏನಾಯ್ತೇ ನಿಮ್ಗೆ?” ಮರುಳಸಿದ್ದಯ್ಯನ ಎತ್ತಿದ ಕೈ ಇನ್ನೂ ಇಳಿದಿರಲಿಲ್ಲ.

“ಏನೂ ಇಲ್ಲ ಬುಡಣ್ಣ. ಆ ಕಾಯಿ ನಾನೇ ಹಾಳು ಮಾಡ್ಕೊಂಡಿರ್ಬೇಕು. ಚಿಕ್ಕನಾಯಕನಹಳ್ಳಿಯೋರಿಗೆ ಬರ್ಬ್ಯಾಡಿ ಅಂತ ಫೋನು ಮಾಡು.” ಹಾಲಮ್ಮ ವನಜಾಕ್ಷಿಯ ಗಲ್ಲ ತನ್ನತ್ತ ತಿರುಗಿಸಿದಳು. “ಮದುವೆ ಬ್ಯಾಡವಂತೆ! ಎಷ್ಟು ಚೆನ್ನಾಗಿ ಸುಳ್ಳು ಹೇಳ್ತೀಯೇ ಕಳ್ಳಿ... ಈ ಮನೆ ಹೆಣ್ಣೇ ಸೈ. ನಿನ್ನಂಥೋಳೇ ಬೇಕು ನನ್ನ ಅಟ್ಟ ಕಾಯೋಕೆ.”

ಚಿರಂಜೀವಿ ಕಂಬ ಹಿಡಿದು ಕೂತುಬಿಟ್ಟ. ಅವನ ಅಗಲ ಕಿವಿಗಳು ಕೆಂಪಗಾಗಿದ್ದವು. ವನಜಾಕ್ಷಿ ಈಗ ಅವನನ್ನು ನೋಡಿದಳು.

ಹಾಗಾದರೆ ರಾಜ ಅಟ್ಟ ಹತ್ತಿದ್ದ! ಕಾಯಿ ಕೈಗೆತ್ತಿಕೊಂಡು ಅಲ್ಲಾಡಿಸಿದ್ದ. ಕಿಟಕಿಯ ಬಳಿ ಬಿಳಚಿಕೊಂಡು ನಿಂತ ಹೊಂಬಾಳೆಯನ್ನು ನೋಡಿದ್ದ... ಆಮೇಲೆ ತಾನೇ ಕಿಟಕಿಗೆ ಬಾಗಿ, ಏಳು ಕೆರೆಗಳಿಗೂ ಕೇಳುವ ಹಾಗೆ ಕೂಗಿದ್ದ. ವನಜಾಕ್ಷಿಗೆ ಅಜ್ಜಿಯ ಕಥೆಯ ಕೊನೆ ಸಿಕ್ಕಿತ್ತು.

ಸಂಜೆಯ ಬಸ್ಸಿಗೆ ಹಾಲಮ್ಮ ಹೊರಟಳು. ಹಿತ್ತಾಳೆ ಕೊಡವನ್ನು ಮಗನ ಕೈಗೆ ಕೊಟ್ಟು, ಮಡಿಲನ್ನು ಮಾತ್ರ ಎರಡೂ ಕೈಯಲ್ಲಿ ಆತುಕೊಂಡು ತೆಂಗಿನ ನೆರಳುಗಳನ್ನು ದಾಟಿ ದಾಟಿ ನಡೆದಳು. ಬಾಗಿಲಲ್ಲಿ ಸಿದ್ದಗಂಗಮ್ಮ ಕಣ್ಣಿಗೆ ಕೈಯ ಮರೆ ಮಾಡಿ ನೋಡುತ್ತಲೇ ಇದ್ದಳು.

ಅಷ್ಟು ನಿಧಾನ ನಡೆದರೆ ಬಸ್ಸು ತಪ್ಪೀತೆಂದು ಚಿರಂಜೀವಿ ಕೈಚಾಚಿದ. “ಕೊಡವ್ವ, ಆ ಕಾಯೂ ನಾನೇ ಹಿಡ್ಕೊತೀನಿ.”

“ಬ್ಯಾಡ ಕಣ್ಲಾ,” ಎಂದಳು ಹಾಲಮ್ಮ, ಹೆಜ್ಜೆ ಇನ್ನಷ್ಟು ಮೆಲ್ಲಗೆ ಇಡುತ್ತ. “ತುಳುಕ್ತದೆ.”